ಮಲಗಿದ ಜೀವದ ಫೋಟೋ: ಗಂಗಾವತಿ ಗುಡ್ಡದಾಗ ನನ್ನ ಅನುಭವ

ನಮ್ದು ಗಂಗಾವತಿಯಾಗ ಫೋಟೋ ಸ್ಟುಡಿಯೋ, ಹೊಟ್ಟಿಪಾಡು ನಡಿಯೋದು ಮದುವಿ, ಕುಬುಸ, ತೊಟ್ಲು ಕಾರ್ಯಕ್ರಮದ ಆರ್ಡರ್ ಮ್ಯಾಲ. ಧನುರ್ಮಾಸ ಹತ್ತಿದ್ರ ಸಂಕ್ರಾಂತಿ ತನಕ ಮುಹೂರ್ತ ಇರಂಗಿಲ್ಲ, ಕ್ಯಾಮೆರಾ ಖಾಲಿ. ಆ ಟೈಮಿನಾಗ ಆನೆಗೊಂದಿ ಕಡಿ, ಹಿರೇಬೆಣಕಲ್ ಮೊರೇರ ಗುಡ್ಡದ ಕಡಿ ಸುಮ್ನ ಅಡ್ಡಾಡಾಕ ಹೋಗಿ ಹೋಗಿ ಈ ಮಲಗಿದ ಜೀವದ ಫೋಟೋ ತಗಿಯೋ ಹುಚ್ಚು ಹಿಡಿದಿದ್ದು.

ಚಳಿಗಾಲದ ನಿದ್ದಿ ಅಂತ ಹುಡುಕಿದ್ರ ಬರೋದೆಲ್ಲ ಹಿಮ, ಗುಹಿ, ಕರಡಿ. ಅಲಾಸ್ಕಾ ಕಡಿ ವುಡ್ ಫ್ರಾಗ್ ಅಂತ ಒಂದು ಕಪ್ಪಿ ಐತಿ, ಮೈಯಾಗಿನ ನೀರು ಅರ್ಧಕ್ಕಿಂತ ಜಾಸ್ತಿ ಗಡ್ಡಿ ಕಟ್ಟಿ, ಎದಿ ಬಡಿತಾನೂ ನಿಂತು, ಬಿಸಿಲು ಬಂದ ಮ್ಯಾಲ ಕರಗಿ ಜಿಗದು ಹೋಗ್ತೈತಿ. ಅದನ್ನ ನಾವೆಲ್ಲಿಂದ ತರೋಣ್ರಿ? ದರೋಜಿ ಕರಡಿಧಾಮಕ್ಕ ಬಂದೋರೂ ಚಳಿಗಾಲದಾಗ ಮಲಗಿರ್ತಾವಲ್ಲ ಅಂತ ಕೇಳ್ತಾರ, ಮಲಗಂಗಿಲ್ಲ, ನಮ್ಮ ಕರಡಿಗೆ ಗೆದ್ದಲು, ಹಣ್ಣು, ಜೇನು ಅಂತ ವರ್ಷಪೂರ್ತಿ ಏನರೆ ಸಿಗ್ತೈತಿ. ನಮ್ಮ ಕಡಿ ಜೀವ ಮಲಗೋದು ಚಳಿಗಲ್ಲ, ನೀರಿಲ್ಲದ್ದಕ್ಕ. ಹಿಂಗಾರಿ ನಿಂತು ಗುಡ್ಡ ಒಣಗಾಕ ಹತ್ತಿತು ಅಂದ್ರ ಮುಂದ ಮಿರಗದ ಮಳಿ ತನಕ ಒಂದೊಂದಾಗಿ ಬಾಗ್ಲ ಹಾಕ್ಕೋತಾವ, ನಾ ತಗಿಯಾಕ ಹತ್ತಿದ್ದು ಅದನ್ನ.

ಶುರು ಮಾಡಾಕ ಬಸವನಹುಳ ಬೆಸ್ಟ್. ಬಳ್ಳಾರಿ ಜಾಲಿ ಬೊಡ್ಡಿ, ಪಾಪಸ್‌ಕಳ್ಳಿ, ಹಳೇ ಗ್ವಾಡಿ, ಎಲ್ಲರೆ ನೆಲದಿಂದ ಒಂದೀಟು ಮ್ಯಾಲ ಹುಡುಕ್ರಿ, ಯಾಕಂದ್ರ ನೆಲ ಭಾಳ ಕಾಯ್ತೈತಿ ಅಂತ ಅವು ಮ್ಯಾಲ ಹತ್ತಿ ಅಂಟ್ಕೊಂಡಿರ್ತಾವ. ಚಿಪ್ಪಿನ ಬಾಯಿಗೆ ತಮ್ಮ ಲೋಳೀನ ಒಣಗಿಸಿ ಒಂದು ಪರದಿ ಕಟ್ಕೊಂಡಿರ್ತಾವ, ಒಳಗಿನ ಪಸಿ ಆರಬಾರ್ದು ಅಂತ. ಮುಂದಿಂದ ಫ್ಲ್ಯಾಶ್ ಹೊಡದ್ರ ಅದು ಬರೇ ಬಿಳಿ ಕಲಿ. ಸಣ್ಣ ಎಲ್‌ಇಡಿ ಟಾರ್ಚನ್ನ ಹಿಂದಿಂದ ಒಂಚೂರು ಓರಿಯಾಗಿ ಹಿಡೀರಿ, ಪರದಿ ಜೇನಿನ ಬಣ್ಣಕ್ಕ ತಿರಗ್ತೈತಿ, ಅದರ ಮ್ಯಾಲಿನ ಸುಕ್ಕು, ಅಂಚಿನಾಗ ಸಿಕ್ಕ ಮಣ್ಣಿನ ಕಾಳು ಎಲ್ಲಾ ಎದ್ದು ಕಾಣ್ತಾವ. ಕಿತ್ತು ತಿರುಗಿಸಿ ಇಡೋದು, ನೀರು ಚಿಮುಕಿಸಿ ಎಬ್ಬಿಸೋದು ಬ್ಯಾಡ. ಪರದಿ ಹರದ್ರ ಇದ್ದ ಪಸೀನೂ ಹೋಗಿ ಮತ್ತೊಂದು ಕಟ್ಟಾಕ ಅದು ಮೈಯಾಗಿಂದ ಖರ್ಚು ಮಾಡ್ಬೇಕು, ಮಳಿಗೆ ಇನ್ನೂ ತಿಂಗಳುಗಟ್ಲೆ ಇರ್ತೈತಿ.

ಇದರಾಗ ನಂಗ ಭಾಳ ಸೇರಿದ್ದು ಏನಂದ್ರ ಸಬ್ಜೆಕ್ಟ್ ಅಲಗಾಡಂಗಿಲ್ಲ! ಮದುವ್ಯಾಗ ಅಕ್ಕಿಕಾಳು ಬೀಳೋದ್ರಾಗ ಕ್ಲಿಕ್ ಮಾಡ್ಬೇಕು, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನೋ ಲೆಕ್ಕ) ಏರಿಸಿ ಫೋಟೋದಾಗ ಗ್ರೇನ್ ಅಂದ್ರ ಕಾಳುಕಾಳು ಬಂದ್ರೂ ನಡೀತೈತಿ, ಇಲ್ಲಿ ಹಂಗಲ್ಲ, ಟ್ರೈಪಾಡ್ ಇಟ್ಟು ಐಎಸ್‌ಒ 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 11, ಶಟರ್ ಅರ್ಧ ಸೆಕೆಂಡ್ ಆದ್ರೂ ಆಯ್ತು, ಗಾಳಿ ಬಿಡದಿದ್ರ ಸಾಕು. ಕ್ಯಾಮೆರಾ ಜೋಡಿ ಬಂದ ಕಿಟ್ ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವ ಕೂಡ್ರಿಸೋ ಖಾಲಿ ಕೊಳವಿ) ಹಾಕಿ, ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ಹಲವು ಫ್ರೇಮ್ ತಗೊಂಡು ಆಮ್ಯಾಲ ಕೂಡಿಸಿದ್ರ ಸಣ್ಣದನ್ನ ದೊಡ್ಡದು ಮಾಡಿ ತೋರ್ಸೋ ದುಬಾರಿ ಮ್ಯಾಕ್ರೋ ಲೆನ್ಸ್ ಬೇಕಾಗಂಗಿಲ್ಲ.

ದೊಣಿ ಕಥಿ ಬ್ಯಾರೆ. ಬಂಡೆ ಮ್ಯಾಲ ಮಳಿನೀರು ನಿಲ್ಲೋ ಕುಣಿ ಅದಾವಲ್ಲ, ಒಣಗಿದ ಮ್ಯಾಲ ತಳದಾಗ ಬೂದಿಬಣ್ಣದ ಬಿರುಕುಬಿಟ್ಟ ರಾಡಿ ಅಷ್ಟ. ನಾ ಅಲ್ಲಿ ಬಗ್ಗಿ ಕುಂತಾಗ ಕುರಿ ಕಾಯೋ ಕಾಕಾ ಬಂದು, "ಏ ತಮ್ಮಾ, ಈಗ ಏನ್ ನೋಡ್ತೀಯೋ ಅದ್ರಾಗ, ಮಳಿ ಬರ್ಲಿ ತಡಿ, ಬೆನ್ನ ಮ್ಯಾಲ ಈಸೋ ಹುಳ ಬರ್ತಾವ" ಅಂದ. ಕಾಕಾ ಹೇಳಿದ್ದು ಫೇರಿ ಶ್ರಿಂಪ್ ಅಂತಾರಲ್ಲ ಅದನ್ನ, ಸೀಗಡಿ ದೂರದ ಸಂಬಂಧಿ, ಅದು ಮಕಾಡಿ ಅಲ್ಲ, ಅಂಗಾತ ಮಲಗೇ ಈಸೋದು. ನೀರು ಆರೋದ್ರಾಗ ತತ್ತಿ ಇಟ್ಟು ಸಾಯ್ತಾವ, ತತ್ತಿ ಆ ಒಣ ರಾಡ್ಯಾಗ ವರ್ಷಗಟ್ಲೆ ಕಾಯ್ತಾವ. ಮಳಿ ಬಿತ್ತಂತ ಎಲ್ಲಾ ಒಮ್ಮಿಗೇ ಒಡ್ಯಂಗಿಲ್ಲ, ನಮ್ಮ ರೈತ್ರು ಬೀಜದ ಜ್ವಾಳ ಪೂರ್ತಿ ಒಂದ ಮಳಿಗೆ ಬಿತ್ತದಂಗ ಕೆಲವು ಮುಂದಿನ ಮಳಿಗೆ ಅಂತ ಉಳ್ಕೋತಾವ.

ಒಂದು ಚಮಚಾ ಒಣಮಣ್ಣು ಮನಿಗೆ ತಂದು, ಗಾಜಿನ ಬಟ್ಟಲದಾಗ ಹಾಕಿ, ಹಿಡಿದಿಟ್ಟ ಮಳಿನೀರು ಹಾಕ್ದೆ (ನಳದ ನೀರು ಬ್ಯಾಡ, ಕ್ಲೋರಿನ್ ಇರ್ತೈತಿ). ಎರಡು ದಿನದೊಳಗ ಚುಕ್ಕಿ ಅಲಗಾಡಾಕ ಹತ್ತಿದ್ವು, ನಮ್ಮವ್ವ ನೋಡಿ "ನೀರಾಗ ಹುಳ ಬಿದ್ದಾವ, ಚೆಲ್ಲು" ಅಂದ್ಲು. ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತಗದ ಫೋಟೋ ಕೂಡಿಸಿದ ವಿಡಿಯೋ) ಮಾಡಿಟ್ಟೀನಿ, ಖರೇ ಹೇಳ್ಬೇಕಂದ್ರ ನಂಗ ಅದಕ್ಕಿಂತ ಒಣ ರಾಡಿ ಫೋಟೋನ ಜಾಸ್ತಿ ಇಷ್ಟ, ಮುಂಜಾನಿ ಎಳಿಬಿಸಿಲು ಅಡ್ಡ ಬಿದ್ದಾಗ ಒಂದೊಂದು ಬಿರುಕಿನ ನೆಳ್ಳೂ ಕಪ್ಪಗ ಗೆರಿ ಎಳದಿರ್ತೈತಿ. ಎಂಟು ಒಂಬತ್ತಾದ್ರ ಮುಗೀತು, ಚಪ್ಪಟಿ.

ಪ್ರಿಂಟ್ ಹಾಕ್ಸೋರಿದ್ರ ಗ್ಲಾಸಿ ಪೇಪರ್ ಬ್ಯಾಡ್ರಿ, ಒಣಗಿದ್ದು ಒದ್ದಿ ಆದಂಗ ಕಾಣ್ತೈತಿ. ಮ್ಯಾಟ್ ಹಾಕಿಸ್ರಿ, ಲ್ಯಾಬ್‌ನವ್ರು ತಾವಾಗೇ ಬಣ್ಣ ಏರಿಸ್ತಾರ, ಆಟೋ ಕರೆಕ್ಷನ್ ಬಂದ್ ಮಾಡ್ರಿ ಅಂತ ಮೊದ್ಲ ಹೇಳ್ರಿ.