ಅಪ್ಪನ ಹಳೆಯ ಪೆವಿಲಿಯನ್ ಬಿಚ್ಚಿದ್ದು

ಅಪ್ಪನ ಎಚ್‌ಪಿ ಪೆವಿಲಿಯನ್ ಲ್ಯಾಪ್‌ಟಾಪ್ 2015ರದ್ದು. ನಿವೃತ್ತಿಯ ನಂತರ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಲೇಖನ ಬರೆಯಲೆಂದು ಕೊಂಡಿದ್ದರು. ಈಚೆಗೆ ಅದನ್ನು ಆನ್ ಮಾಡಿ ಒಂದು ಲೋಟ ಕಾಫಿ ಕುಡಿದು ಮುಗಿಸಿದರೂ ಕೆಲಸಕ್ಕೆ ಸಿದ್ಧವಾಗುತ್ತಿರಲಿಲ್ಲ. ರಿಪೇರಿ ಅಂಗಡಿಯವರು ‘ಹೊಸದು ಕೊಳ್ಳಿ’ ಎಂದರು. ಕೀಲಿಮಣೆ, ಪರದೆ ಎಲ್ಲ ಗಟ್ಟಿಯಾಗಿರುವಾಗ ಎಸೆಯಲು ನನಗೆ ಮನಸ್ಸಾಗಲಿಲ್ಲ.

ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಿದೆ. ಪ್ರೊಸೆಸರ್ ಬಹುಪಾಲು ಬಿಡುವಾಗಿದೆ, ಡಿಸ್ಕ್ ಮಾತ್ರ ಸದಾ ಶೇ 100. ಆಗಿನ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ, ಕಂಪನಿ ಯಾವುದೇ ಇರಲಿ, ಹೆಚ್ಚಾಗಿ ನಿಮಿಷಕ್ಕೆ 5,400 ಸುತ್ತಿನ ಹಾರ್ಡ್ ಡಿಸ್ಕ್ ಇರುತ್ತಿತ್ತು. ಅಲ್ಲಲ್ಲಿ ಹರಡಿದ ಕಡತಗಳನ್ನು ಓದಲು ಅದರ ಹೆಡ್ ಪ್ರತಿ ಸಲವೂ ಸರಿದಾಡಬೇಕು. ಚಿಪ್‌ನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಮತ್ತು 4 ಜಿಬಿಯ ಡಿಡಿಆರ್3ಎಲ್ ರ‍್ಯಾಮ್ ತಂದೆ. ಆ ಕೊನೆಯ ‘ಎಲ್’ ನೋಡಿಯೇ ಕೊಳ್ಳಬೇಕು: ಅದು ಕಡಿಮೆ ವೋಲ್ಟೇಜಿನದು, 1.35 ವೋಲ್ಟ್.

ಮೊದಲು ಬ್ಯಾಟರಿ ಕಳಚಿದೆ. ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದರೂ ಕವಚ ಅಲುಗಲಿಲ್ಲ. ಉಳಿದವು ಅಡಿಯ ರಬ್ಬರ್ ಪಟ್ಟಿಯ ಕೆಳಗಿದ್ದವು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದಾಗ ಪಟ್ಟಿ ಹರಿಯದೆ ಎದ್ದುಬಂತು. ಹಳೆಯ ಎಟಿಎಂ ಕಾರ್ಡಿನಿಂದ ಅಂಚನ್ನು ಮೀಟುತ್ತಾ ಹೋದೆ. ಇಲ್ಲಿ ಅವಸರ ಕೂಡದು. ಕೀಲಿಮಣೆಯಿಂದ ಮದರ್‌ಬೋರ್ಡ್‌ಗೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಇದೆ. ಅದನ್ನು ಎಳೆಯಬಾರದು, ಸಾಕೆಟ್‌ನ ಪುಟ್ಟ ಚಿಲಕವನ್ನು ಉಗುರಿನಿಂದ ಎತ್ತಿದರೆ ತಾನೇ ಜಾರಿ ಬರುತ್ತದೆ. ಡಿಸ್ಕ್ ಬದಲಿಸಿದ್ದು ಎರಡು ನಿಮಿಷದ ಕೆಲಸ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಈ ಪ್ರೊಸೆಸರ್ ಹಳೆಯದು. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಅಪ್ಪನಿಗಿದ್ದದ್ದು ಒಂದೇ ಆತಂಕ: ಬೆರಳಿಗೆ ಹತ್ತಿದ ಕೀಲಿವಿನ್ಯಾಸ ತಪ್ಪಿಹೋದರೆ? ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪಿಸಲು ಇರುವ ಐಬಸ್‌ನಲ್ಲಿ, ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಅದೇ ಕೆಜಿಪಿ ವಿನ್ಯಾಸ ಸಿಕ್ಕಿತು. ಅವರು ‘ಕ’ ಒತ್ತಿದರು, ‘ಕ’ ಬಂತು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ, ಟೈಪ್ ಮಾಡುತ್ತಾ ಕುಳಿತರು.

ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದ್ದೇನೆ. ಅದರಲ್ಲಿ ಅಪ್ಪನ ಹತ್ತು ವರ್ಷದ ಲೇಖನಗಳಿವೆ, ಎಲ್ಲವೂ ಈಗಿನ ಸರ್ವಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ. ಭಾನುವಾರಗಳಂದು ಇಬ್ಬರೂ ಕುಳಿತು ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇವೆ. ಅರ್ಕಾವತ್ತು ಎಲ್ಲಿ ಪಲ್ಲಟವಾದರೂ ಅಪ್ಪನ ಕಣ್ಣಿಗೆ ಮೊದಲು ಬೀಳುತ್ತದೆ.