ಮಣ್ಣುಪಾಲಾಗಲಿಲ್ಲ ನನ್ನ ಸಿಗ್ನಲ್

"ಎರಡು ರಾಡ್ ನೆಟ್ಟು ನೆಲಕ್ಕೇ ಪವರ್ ಕೊಡ್ತೀಯಾ? ಎಲ್ಲಾ ಮಣ್ಣುಪಾಲು ಕಣಯ್ಯಾ." ನೆಲದಲ್ಲಿ ಎರಡು ಲೋಹದ ರಾಡ್ ನೆಟ್ಟು, ನಡುವೆ ತಂತಿ ಎಳೆದು ಅದನ್ನೇ ಆಂಟೆನಾ ಮಾಡ್ತೀನಿ ಅಂದಾಗ ಹೀಗೆ ಹೇಳಿದ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಒಬ್ಬಿಬ್ಬರಲ್ಲ. ಸುಮಾರು ಮೂರು ವರ್ಷ ಅವರ ಮಾತೇ ನಿಜವಾಗಿತ್ತು. ಈಗ 137 ಕಿಲೋಹರ್ಟ್ಸ್ ಸುತ್ತಲಿನ 2200 ಮೀಟರ್ ಬ್ಯಾಂಡ್‌ನಲ್ಲಿ ನೆಲದಿಂದಲೇ ಹೊರಟ ನನ್ನ ವಿಸ್ಪರ್ (WSPR, ತೀರಾ ಕ್ಷೀಣ ಸಿಗ್ನಲ್ ಹಿಡಿಯೋಕೆ ಮಾಡಿದ ಡಿಜಿಟಲ್ ವಿಧಾನ) ಸಿಗ್ನಲ್ ರಾತ್ರಿ ಹೊತ್ತು 900 ಕಿಲೋಮೀಟರ್ ಆಚೆ ಡಿಕೋಡ್ ಆಗುತ್ತಿದೆ. ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೊದಲು ಎಲ್ಲರ ಹಾಗೆ ನಾನೂ ಮೇಲಕ್ಕೇ ನೋಡಿದೆ. 10 ಮೀಟರ್ ಕಂಬ, ತುದಿಯಲ್ಲಿ ಟೋಪಿಯ ಹಾಗೆ ಒಂದಿಷ್ಟು ತಂತಿ, ಕೆಳಗೆ ಗಿಡ್ಡ ಕಂಬವನ್ನು ಟ್ಯೂನ್ ಮಾಡೋಕೆ ನಾಲ್ಕೂವರೆ ಮಿಲಿಹೆನ್ರಿಯ ಲೋಡಿಂಗ್ ಕಾಯಿಲ್. ಆ ಕಾಯಿಲ್‌ನ ಲಿಟ್ಜ್ (ಸಣ್ಣ ಎಳೆಗಳನ್ನು ಹೆಣೆದ) ತಂತಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಹಳೇ ರಿಸೀವರ್ ಬರುತ್ತಿತ್ತು. ಇಬ್ಬನಿ ಬಿದ್ದ ಒಂದು ರಾತ್ರಿ ಕಾಯಿಲ್‌ನ ಮೇಲ್ತುದಿಯಲ್ಲಿ ನೀಲಿ ಕಿಡಿ ಹಾರಿತು. ಪಿವಿಸಿ ಪೈಪು ಕರಗಿ ವಾಸನೆ ಬಂತು. ಅಲ್ಲಿಗೆ ಕಂಬದ ಕಥೆ ಮುಗಿಯಿತು.

ಆಮೇಲೆ ನೆಲಕ್ಕಿಳಿದೆ. 1 ಮೀಟರ್‌ನ ಎರಡು ರಾಡ್, ನಡುವೆ 60 ಮೀಟರ್ ತಂತಿ. ಮಲ್ಟಿಮೀಟರ್ ಹಿಡಿದರೆ ನೆಲದ ರೆಸಿಸ್ಟೆನ್ಸ್ 250 ಓಮ್, ಪ್ರೋಬ್ ತಿರುವಿ ಹಿಡಿದರೆ 600. ಎರಡೂ ಸುಳ್ಳು. ಒದ್ದೆ ಮಣ್ಣಿನಲ್ಲಿ ನೆಟ್ಟ ಲೋಹ ತಾನೇ ಬ್ಯಾಟರಿಯ ಹಾಗೆ ವೋಲ್ಟೇಜ್ ಕೊಡುತ್ತೆ, ಡಿಸಿ ಮೀಟರ್ ಮೋಸ ಹೋಗುತ್ತೆ. ಇದು ಗೊತ್ತಿದ್ದೂ ಒಂದು ವಾರ ಹಾಳು ಮಾಡಿದೆ. ಕೆಲಸ ಮಾಡುವ ಫ್ರೀಕ್ವೆನ್ಸಿಯಲ್ಲೇ ಬ್ರಿಜ್ (ಎಸಿಯಲ್ಲಿ ಅಳೆಯುವ ಸಾಧನ) ಇಟ್ಟು ಅಳೆದಾಗ 400ರ ಆಸುಪಾಸು ಬಂತು.

ಅದನ್ನು ಇಳಿಸೋಕೆ ಉಪ್ಪು ಸುರಿದೆ. ಮೂಟೆಗಟ್ಟಲೆ. ಓಮ್ ಅರ್ಧಕ್ಕೆ ಇಳಿಯಿತು, ನಾನು ಕುಣಿದಾಡಿದೆ. ಎರಡು ದೊಡ್ಡ ಮಳೆ ಬಂದದ್ದೇ ತಡ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಉಪ್ಪೂ ಹೋಯಿತು, ರಾಡ್‌ಗೆ ತುಕ್ಕೂ ಹಿಡಿಯಿತು, ಸುತ್ತಲಿನ ಹುಲ್ಲು ಸುಟ್ಟಿದ್ದು ಮಾತ್ರ ಹಾಗೇ ಉಳಿಯಿತು.

ಆದರೆ ಅದೇ ಮಳೆಗಾಲ ದಾರಿ ತೋರಿಸಿತು. ನೆಲ ಚೆನ್ನಾಗಿ ನೆನೆದಾಗ ಆಂಟೆನಾ ಕರೆಂಟ್ ಏರುತ್ತಿತ್ತು. ದೂರದ ಸ್ಟೇಷನ್ನಿನ ರಿಪೋರ್ಟ್‌ನಲ್ಲಿ ಸಿಗ್ನಲ್ ಮಾತ್ರ 2-3 ಡಿಬಿ (ಡೆಸಿಬೆಲ್) ಇಳಿಯುತ್ತಿತ್ತು! ಕರೆಂಟ್ ಜಾಸ್ತಿ, ಸಿಗ್ನಲ್ ಕಡಿಮೆ. ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಇದು ನೆಲದಲ್ಲಿ ಹೂತ ಡೈಪೋಲ್ (ನೇರ ತಂತಿಯ ಆಂಟೆನಾ) ಅಲ್ಲವೇ ಅಲ್ಲ, ನಿಂತಿರುವ ಒಂದು ಲೂಪ್. ಮೇಲಿನ ಬದಿ ತಂತಿ, ಕೆಳಗಿನ ಬದಿ ನೆಲದೊಳಗೆ ವಾಪಸ್ ಬರುವ ಕರೆಂಟ್. ಅದು ಎಷ್ಟು ಆಳಕ್ಕೆ ಇಳಿದರೆ ಲೂಪ್ ಅಷ್ಟು ದೊಡ್ಡದು. 137 ಕಿಲೋಹರ್ಟ್ಸ್‌ನಲ್ಲಿ ರೆಸಿಸ್ಟಿವಿಟಿ 100 ಓಮ್-ಮೀಟರ್ ಇರುವ ಮಣ್ಣಾದರೆ ಸ್ಕಿನ್ ಡೆಪ್ತ್, ಅಂದರೆ ಕರೆಂಟ್ ಇಳಿಯುವ ಆಳ, 14 ಮೀಟರ್ ಇರಬಹುದು. 1000 ಓಮ್-ಮೀಟರ್‌ನ ಬಂಡೆಯಾದರೆ 43. ಅಂದರೆ ನಾವು ಬೈಯುವ ಕೆಟ್ಟ ನೆಲವೇ ಇದಕ್ಕೆ ಒಳ್ಳೆಯ ನೆಲ. ಅಮೆರಿಕದ ನೌಕಾಪಡೆ 76 ಹರ್ಟ್ಸ್‌ನಲ್ಲಿ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸೋಕೆ ವಿಸ್ಕಾನ್ಸಿನ್, ಮಿಷಿಗನ್‌ಗಳ ಗಟ್ಟಿ ಬಂಡೆ ಪ್ರದೇಶವನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ. ಅದು 2004ರವರೆಗೆ ನಡೆಯಿತು. ಮಣ್ಣುಪಾಲು ಅಂದವರಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಹಾಗಾಗಿ ಜಾಗ ಬದಲಿಸಿದೆ. ನಡುವೆ ಒಣ ಬಂಡೆ, ಎರಡೂ ತುದಿಯಲ್ಲಿ ತಗ್ಗು, ತಗ್ಗಿನಲ್ಲಿ ತೇವದ ಮಣ್ಣು. ಉದ್ದ 180 ಮೀಟರ್. ಪ್ರತಿ ತುದಿಗೆ ಐದೈದು ರಾಡ್, ಒಂದರಿಂದ ಒಂದಕ್ಕೆ ಎರಡು ಮೀಟರ್ ದೂರ. ಮೊದಲು ಅಕ್ಕಪಕ್ಕವೇ ಹೊಡೆದಿದ್ದೆ, ಐದು ರಾಡ್ ಹಾಕಿದರೂ ಒಂದೂವರೆ ರಾಡ್‌ನಷ್ಟೇ ಕೆಲಸ. ಗುಂಡಿಗೆ ಬೆಂಟೊನೈಟ್ (ನೀರು ಹಿಡಿದಿಡುವ ಜೇಡಿಮಣ್ಣು) ತುಂಬಿದೆ. ಅದರ ಜೊತೆ ಇನ್ನೊಂದು ಪುಡಿ ಬೆರೆಸಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಒಟ್ಟು 70 ಓಮ್‌ಗೆ ಬಂತು. ತಂತಿಯ ಇಂಡಕ್ಟೆನ್ಸ್ ಕಳೆಯೋಕೆ ಸೀರೀಸ್‌ನಲ್ಲಿ ಹತ್ತಿರ ಹತ್ತಿರ 4 ನ್ಯಾನೋಫ್ಯಾರಡ್ ಕೆಪಾಸಿಟರ್. ಅಗ್ಗದ ಸೆರಾಮಿಕ್ ಕೆಪಾಸಿಟರ್ ಹಾಕಿ ಮೂರು ಸಲ ಪೆಟ್ಟು ತಿಂದೆ. ಹತ್ತು ನಿಮಿಷಕ್ಕೆ ಬಿಸಿಯಾಗಿ ಟ್ಯೂನಿಂಗ್ ಜಾರುತ್ತಿತ್ತು. ಪಾಲಿಪ್ರೊಪಿಲೀನ್ ಹಾಕಿದ ಮೇಲೆ ನಿದ್ದೆ ಬಂತು.

100 ವಾಟ್ ಕೊಟ್ಟರೆ 1.2 ಆಂಪಿಯರ್. ಗಾಳಿಗೆ ಹೋಗುವುದು ಕೆಲವೇ ಹತ್ತುಗಳಷ್ಟು ಮಿಲಿವಾಟ್ ಅಂತ ನನ್ನ ಲೆಕ್ಕ. ಈ ಬ್ಯಾಂಡ್‌ನಲ್ಲಿ ಮಿತಿಯೇ 1 ವಾಟ್ ಇಐಆರ್‌ಪಿ (ಆಂಟೆನಾದಿಂದ ಹೊರಬೀಳುವ ಪವರ್‌ನ ಅಳತೆ), ಹಾಗಾಗಿ ನಾಚಿಕೆಯೇನಿಲ್ಲ. ರಾಡ್ ಸುತ್ತ ಬೇಲಿ ಹಾಕಿ ಮಾರಾಯರೇ. ಟ್ರಾನ್ಸ್‌ಮಿಟ್ ಆಗುವಾಗ ಅಲ್ಲಿನ ನೆಲದಲ್ಲೇ ವೋಲ್ಟೇಜ್ ಇರುತ್ತೆ, ನಾಲ್ಕು ಕಾಲಿನ ಪ್ರಾಣಿಗೆ ನಮಗಿಂತ ಜಾಸ್ತಿ ಅಪಾಯ.

ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ತಾಮ್ರ ತಿಂದಿತು. ಈಗ ಮಾಡಿದರೆ ಜಿಐ ಪೈಪೇ ಹಾಕುತ್ತೇನೆ. ರಾಡ್‌ನ ಓಮ್ ತೀರ್ಮಾನ ಮಾಡುವುದು ಮಣ್ಣು, ಲೋಹ ಅಲ್ಲ.

ರಿಸೀವ್‌ನಲ್ಲಿ ಸಿಕ್ಕ ಲಾಭ ನಾನು ಕೇಳದೇ ಬಂದದ್ದು. ಮನೆಯ ಅರ್ಥ್‌ಗೂ ಆಂಟೆನಾಗೂ ಸಂಬಂಧವೇ ಇಲ್ಲದ ಹಾಗೆ ಫೆರೈಟ್ ಟೊರಾಯ್ಡ್ (ಉಂಗುರ) ಮೇಲೆ ಎರಡು ಬೇರೆ ಬೇರೆ ಕಾಯಿಲ್‌ಗಳನ್ನು ದೂರ ದೂರ ಸುತ್ತಿದೆ. ಚಾರ್ಜರ್, ಎಲ್‌ಇಡಿ ಬಲ್ಬುಗಳ ಗಲಾಟೆ 8 ಡಿಬಿಯಷ್ಟು ಕುಸಿಯಿತು. ಸುತ್ತುಗಳ ಲೆಕ್ಕ ಹೇಳಲ್ಲ, ನೀವೇ ಒಂದು ಸಂಜೆ ಕೂತು ಕಂಡುಕೊಳ್ಳಿ.

ಸುಮ್ನೆ ಒಂದು ದಿನ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಸೌಂಡ್ ಕಾರ್ಡ್‌ಗೇ ಚುಚ್ಚಿದೆ. 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ದಾಟಿ 19.8 ಕಿಲೋಹರ್ಟ್ಸ್‌ನಲ್ಲಿ ಆಸ್ಟ್ರೇಲಿಯಾದ ಎನ್‌ಡಬ್ಲ್ಯುಸಿ ನೌಕಾ ರೇಡಿಯೋ ಕೇಂದ್ರದ ಸಿಗ್ನಲ್ ಗೋಡೆಯ ಹಾಗೆ ನಿಂತಿತ್ತು. ಆ ರಾತ್ರಿ ಮಾಡಬೇಕಿದ್ದ ಕೆಲಸ ಯಾವುದೂ ಆಗಲಿಲ್ಲ. ತಂತಿಯನ್ನು ನೆಲದಿಂದ ಒಂದು ಮೀಟರ್ ಎತ್ತಿಯೂ ನೋಡಿದೆ. ಸಿಗ್ನಲ್‌ನಲ್ಲಿ ಏನೂ ಫರಕಿಲ್ಲ, ಇಲಿ ಕಡಿಯುವುದು ಮಾತ್ರ ನಿಂತಿತು.

630 ಮೀಟರ್ ಬ್ಯಾಂಡ್‌ನಲ್ಲಿ ಇನ್ನೂ ಒದ್ದಾಟ. ಅಲ್ಲಿ ನನ್ನ ತಂತಿ ಅಲೆಯ ಉದ್ದದ ಕಾಲು ಭಾಗಕ್ಕಿಂತ ಉದ್ದ, ಕರೆಂಟ್ ಎಲ್ಲ ಕಡೆ ಒಂದೇ ಸಮ ಇರಲ್ಲ. ನಡುವೆ ಕತ್ತರಿಸಿ ಕೆಪಾಸಿಟರ್ ಹಾಕಬೇಕು ಅನ್ನಿಸುತ್ತಿದೆ. 180 ಮೀಟರ್ ತಾಮ್ರಕ್ಕೆ ಕಟರ್ ಹಾಕಲು ಕೈ ಬರುತ್ತಿಲ್ಲ, ಅಷ್ಟೇ.