ಕೆವಿ ಚಾರ್ಟ್ ಬಾಯಿಪಾಠ ಮಾಡಿದವನ ಕಥೆ

ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ನಾನು ತೆಗೆದ ಎದೆಯ ಫಿಲ್ಮನ್ನು ರೇಡಿಯಾಲಜಿ ಮೇಡಂ ಲೈಟ್ ಬಾಕ್ಸಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿ, "ಇದು ಪಕ್ಕೆಲುಬಿನ ಫಿಲ್ಮೋ, ಶ್ವಾಸಕೋಶದ್ದೋ?" ಎಂದು ಕೇಳಿದರು. ಫಿಲ್ಮ್ ತೀರಾ ಕಪ್ಪಾಗಿರಲಿಲ್ಲ, ಬಿಳಿಚಿಕೊಂಡೂ ಇರಲಿಲ್ಲ. ರೋಗಿ ಅಲ್ಲಾಡಿರಲಿಲ್ಲ. ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಎಷ್ಟು ಕೆವಿ (ಕಿರಣದ ಶಕ್ತಿ ನಿರ್ಧರಿಸುವ ಕಿಲೋವೋಲ್ಟ್) ಕೊಟ್ಟೆ ಅಂದರು. ಅರವತ್ತೈದು ಅಂದೆ. ಯಾಕೆ ಅಂದರು. "ಗೋಡೆ ಮೇಲಿನ ಚಾರ್ಟಲ್ಲಿ ಹಾಗೇ ಇದೆ ಮೇಡಂ."

ಚಾರ್ಟಿನಲ್ಲಿ ಅರವತ್ತೈದು ಇದ್ದದ್ದು ಪಕ್ಕೆಲುಬಿಗೆ. ನಾನು ಒಂದು ಸಾಲು ಕೆಳಗೆ ಓದಿಬಿಟ್ಟಿದ್ದೆ.

ಬೈದು ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಉದ್ದಕ್ಕೆ ಒಂದು ಗೆರೆ ಎಳೆದರು. ಎಡಗಡೆ ರೇಡಿಯೋ ಅಲೆ, ಆಮೇಲೆ ಮೈಕ್ರೋವೇವ್, ಇನ್‌ಫ್ರಾರೆಡ್, ಮಧ್ಯದಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕು, ಮುಂದೆ ಅಲ್ಟ್ರಾವಯೊಲೆಟ್, ಎಕ್ಸ್‌ರೇ, ಗಾಮಾ. ಎಲ್ಲವೂ ಒಂದೇ ಜಾತಿ. ಎಲ್ಲವೂ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವಂಥವೇ. ಅಲೆ ಗಿಡ್ಡ ಆದಷ್ಟೂ ಅದರ ಒಂದೊಂದು ಕಣದ (ಫೋಟಾನ್) ಶಕ್ತಿ ಜಾಸ್ತಿ. "ಇದನ್ನ ಪರೀಕ್ಷೆಗೆ ಓದಿರ್ತೀಯ. ಬಟನ್ ಒತ್ತುವಾಗ ಈ ಗೆರೆ ಮೇಲೆ ನೀನು ಎಲ್ಲಿದ್ದೀಯ ಅಂತ ಕೇಳ್ಕೋ" ಎಂದರು. ಓದಿದ್ದೆ, ನಿಜ. ಐದು ಅಂಕಕ್ಕೆ.

ಎದೆಯ ಎಕ್ಸ್‌ರೇಯಿಂದಲೇ ಪಾಠ ಶುರುವಾಯಿತು. ಕಡಿಮೆ ಶಕ್ತಿಯ ಕಿರಣ ಹೋದರೆ ಮೂಳೆಯಲ್ಲಿರುವ ಕ್ಯಾಲ್ಸಿಯಂ ಅದನ್ನು ಗಬಕ್ಕನೆ ನುಂಗಿಬಿಡುತ್ತದೆ. ಮೆದು ಅಂಗ ಅಷ್ಟು ನುಂಗುವುದಿಲ್ಲ. ಹಾಗಾಗಿ ಮೂಳೆ ಬೆಳ್ಳಗೆ ಎದ್ದು ಕಾಣುತ್ತದೆ. ಕೈ ಬೆರಳು ಮುರಿದಿದೆಯಾ ನೋಡಲು ಇದೇ ಬೇಕು, 50–55 ಕೆವಿ ಸಾಕು. ಆದರೆ ಶ್ವಾಸಕೋಶ ನೋಡುವಾಗ ಪಕ್ಕೆಲುಬು ಕಿಟಕಿಯ ಸರಳಿನ ಹಾಗೆ ಅಡ್ಡ ಬರುತ್ತದೆ. 110–120 ಕೆವಿಗೆ ಏರಿಸಿದರೆ ಮೂಳೆ ಹಾಗೆ ನುಂಗುವುದು ತಗ್ಗುತ್ತದೆ. ಪಕ್ಕೆಲುಬು ತೆಳ್ಳಗಾಗಿ, ಅದರ ಹಿಂದಿನ ರಕ್ತನಾಳಗಳೂ ಕಾಣಿಸುತ್ತವೆ. ಅದರ ಬದಲಿಗೆ ಚದುರಿದ ಕಿರಣಗಳ ಕಾಟ ಜಾಸ್ತಿಯಾಗುತ್ತದೆ, ಅದನ್ನು ತಡೆಯಲು ಗ್ರಿಡ್ (ತೆಳು ಸೀಸದ ಪಟ್ಟಿಗಳ ಜಾಲರಿ) ಬೇಕು. ಗ್ರಿಡ್ ಯಾಕೆ ಅಂತ ನನಗೆ ಅರ್ಥವಾಗಿದ್ದು ಆ ದಿನ. ಅಲ್ಲಿವರೆಗೆ ಅದನ್ನು ಹಾಕುತ್ತಿದ್ದದ್ದು ಎಲ್ಲರೂ ಹಾಕುತ್ತಾರೆ ಅಂತ.

ಆಮೇಲೆ ಗೊತ್ತಾಯಿತು, ತಿಳಿಯದೆ ಬಟನ್ ಒತ್ತಿದವನು ನಾನೊಬ್ಬನೇ ಅಲ್ಲ. ಜರ್ಮನಿಯ ವಿಜ್ಞಾನಿ ರಂಟ್‌ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದರು, ಉಂಗುರ ಸಮೇತ. ಮುಂದಿನ ವರ್ಷವೇ ಡಾಕ್ಟರುಗಳು ಮುರಿದ ಮೂಳೆ, ಒಳಹೊಕ್ಕ ಗುಂಡು ಹುಡುಕಲು ಶುರು ಮಾಡಿದರು. ಆದರೆ ಇದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ. 'ಎಕ್ಸ್' ಅನ್ನುವ ಹೆಸರೇ ಅದಕ್ಕಾಗಿ ಬಂದದ್ದು. ಅಲೆಯೋ ಕಣವೋ ಎಂಬ ಜಗಳ ಸುಮಾರು ವರ್ಷ ನಡೆಯಿತು. 1912ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲೌವೆಯವರ ಯೋಚನೆಯಂತೆ ಹರಳಿನೊಳಗೆ ಎಕ್ಸ್‌ರೇ ಹಾಯಿಸಿ ನೋಡಿದಾಗ, ಇದು ಬೆಳಕಿನ ಜಾತಿಯದೇ, ತುಂಬಾ ಗಿಡ್ಡ ಅಲೆಯದು ಎಂದು ಖಚಿತವಾಯಿತು. ಅಂದರೆ 17 ವರ್ಷ ಎಲ್ಲರೂ ಚಾರ್ಟ್ ನೋಡಿಯೇ ಕೆಲಸ ಮಾಡಿದ ಹಾಗೆ! ನಗು ಬರುತ್ತದೆ, ಆದರೆ ಆ ಕಾಲದ ಕೆಲಸಗಾರರಲ್ಲಿ ಎಷ್ಟೋ ಜನ ಬೆರಳು ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ಟ್ಯೂಬಿನ ಕಿರಣ ಸರಿಯಾಗಿದೆಯಾ ಅಂತ ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು.

ಕೆಲ ವರ್ಷದ ಮೇಲೆ ನನ್ನನ್ನು ಸಿಟಿ ಸ್ಕ್ಯಾನ್ ವಿಭಾಗಕ್ಕೆ ಹಾಕಿದರು. ಅಲ್ಲಿ ಚಾರ್ಟ್ ಗೋಡೆ ಬಿಟ್ಟು ಕಂಪ್ಯೂಟರ್ ಒಳಗೆ ಸೇರಿಕೊಂಡಿತ್ತು, ಅಷ್ಟೇ. ತಲೆ, ಎದೆ, ಹೊಟ್ಟೆ, ಏನೇ ಇರಲಿ 120 ಕೆವಿ. ನಾನೂ ಹಾಗೆಯೇ ಒತ್ತುತ್ತಿದ್ದೆ. ಒಂದು ದಿನ ಕಾಲಿನ ರಕ್ತನಾಳ ನೋಡಬೇಕಾದ ಒಬ್ಬ ಅಜ್ಜಿ ಬಂದರು. ಕಡ್ಡಿಯ ಹಾಗಿದ್ದರು. ಕಿಡ್ನಿ ಅಷ್ಟಕ್ಕಷ್ಟೆ. ರಕ್ತನಾಳ ಎದ್ದು ಕಾಣಲಿ ಅಂತ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಎಷ್ಟು ಕಡಿಮೆ ಕೊಟ್ಟರೆ ಅಷ್ಟು ಒಳ್ಳೆಯದು, ಆದರೆ ಕಡಿಮೆ ಕೊಟ್ಟರೆ ರಕ್ತನಾಳ ಮಂಕಾಗುತ್ತದೆ. ಹಳೆ ಹಾಳೆಯ ಗೆರೆ ನೆನಪಿಗೆ ಬಂತು.

ಕಾಂಟ್ರಾಸ್ಟಿನಲ್ಲಿ ಇರುವುದು ಅಯೋಡಿನ್. ಅದರ ಪರಮಾಣುವಿನ ತೀರಾ ಒಳಗಿನ ಎಲೆಕ್ಟ್ರಾನನ್ನು ಕೀಳಲು 33.2 ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಒಂದು ಕಣದ ಶಕ್ತಿಯ ಅಳತೆ) ಶಕ್ತಿ ಬೇಕು. ಕಿರಣದ ಶಕ್ತಿ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಅಯೋಡಿನ್ ಅದನ್ನು ಚೆನ್ನಾಗಿ ಹೀರುತ್ತದೆ. ದೂರ ಹೋದಷ್ಟೂ ಹೀರುವುದು ಇಳಿಯುತ್ತದೆ. 120 ಕೆವಿ ಅಂದರೆ ಎಲ್ಲ ಕಣಗಳೂ 120 ಅಲ್ಲ, ಅದು ಮೇಲಿನ ಮಿತಿ. ಸರಾಸರಿ ಅದರ ಅರ್ಧದ ಆಸುಪಾಸು. 80 ಕೆವಿಗೆ ಇಳಿಸಿದರೆ ಆ ಸರಾಸರಿ 33ರ ಹತ್ತಿರ ಸರಿಯುತ್ತದೆ. ಅಷ್ಟೇ ಅಯೋಡಿನ್ ಒಂದೂವರೆ ಪಟ್ಟಿಗೂ ಜಾಸ್ತಿ ಬೆಳಗುತ್ತದೆ. ಮೇಡಂಗೆ ಫೋನ್ ಮಾಡಿ ಕೇಳಿದೆ. "ಮಾಡು, ಆದರೆ ಎಂಎಎಸ್ ಏರಿಸು, ಇಲ್ಲಾಂದ್ರೆ ಚಿತ್ರ ರವೆರವೆ ಆಗುತ್ತೆ" ಅಂದರು. ಎಂಎಎಸ್ ಅಂದರೆ ಬಿಡುವ ಕಿರಣದ ಪ್ರಮಾಣ. ಔಷಧಿ ಮಾಮೂಲಿಗಿಂತ ಸಾಕಷ್ಟು ಇಳಿಸಿದೆವು. ರಕ್ತನಾಳಗಳು ಪಾದದವರೆಗೂ ಬೆಳ್ಳಗೆ ಬಂದವು. ಉತ್ಸಾಹದಲ್ಲಿ ಮರುವಾರ ದಪ್ಪ ಹೊಟ್ಟೆಯ ಒಬ್ಬರಿಗೂ 80 ಕೆವಿ ಹಾಕಿ ಚಿತ್ರ ಕೆಡಿಸಿದ್ದೂ ನಾನೇ. ದಪ್ಪ ಮೈಯನ್ನು ದಾಟಿ ಬರಲು ಆ ಕಿರಣಕ್ಕೆ ತ್ರಾಣ ಇರಲಿಲ್ಲ.

ಡಿಜಿಟಲ್ ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಗಿದೆ, ಹೇಳಿಬಿಡುತ್ತೇನೆ. ಫಿಲ್ಮಿಗೆ ಜಾಸ್ತಿ ಕಿರಣ ಬಿದ್ದರೆ ಕಪ್ಪಾಗಿ ತಪ್ಪು ಬಯಲಾಗುತ್ತಿತ್ತು. ಈಗ ಕಂಪ್ಯೂಟರ್ ಸರಿಮಾಡಿ ತೋರಿಸುತ್ತದೆ. ಚಿತ್ರ ಇನ್ನೂ ನುಣುಪಾಗಿಯೇ ಕಾಣುತ್ತದೆ. ರೋಗಿಗೆ ಜಾಸ್ತಿ ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರದೆಯ ಮೂಲೆಯಲ್ಲಿರುವ ಎಕ್ಸ್‌ಪೋಶರ್ ಇಂಡೆಕ್ಸ್ (ಡಿಟೆಕ್ಟರಿಗೆ ಎಷ್ಟು ಕಿರಣ ಬಿತ್ತು ಎಂಬ ಸಂಖ್ಯೆ) ನೋಡುವ ಅಭ್ಯಾಸ ಇಲ್ಲದವರು ದಯವಿಟ್ಟು ಮಾಡಿಕೊಳ್ಳಿ.

ಗೆರೆಯ ಎಡತುದಿಗೆ ನಾನು ಹೋದದ್ದು ಎಂಆರ್‌ಐ ಮೂಲಕ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಎಂಆರ್‌ಐ ಕೆಲಸ ಮಾಡುವುದು ರೇಡಿಯೋ ಅಲೆಯಲ್ಲಿ. ಅಯಸ್ಕಾಂತದ ಒಳಗೆ ದೇಹದ ನೀರಿನ ಹೈಡ್ರೋಜನ್ ಒಂದು ಟೆಸ್ಲಾಗೆ (ಅಯಸ್ಕಾಂತದ ಬಲದ ಅಳತೆ) 42.58 ಮೆಗಾಹರ್ಟ್ಸ್ ಲೆಕ್ಕದಲ್ಲಿ ದನಿಗೂಡುತ್ತದೆ. 1.5 ಟೆಸ್ಲಾ ಮಷೀನಿಗೆ ಸುಮಾರು 64, 3 ಟೆಸ್ಲಾಗೆ ಸುಮಾರು 128. ಎಫ್‌ಎಂ ರೇಡಿಯೋ ಇರುವುದು 88ರಿಂದ 108ರಲ್ಲಿ. ನಮ್ಮ ಮಷೀನುಗಳು ಅದರ ಎರಡು ಕಡೆಯ ನೆರೆಮನೆಯಲ್ಲಿವೆ. ಸಿಟಿಯ ಒಂದು ಕಣದ ಶಕ್ತಿ ಇಲ್ಲಿನ ಒಂದು ಕಣದ 10 ಸಾವಿರ ಕೋಟಿ ಪಟ್ಟಿಗೂ ಮೇಲೆ. "ಎಂಆರ್‌ಐಯಲ್ಲಿ ರೇಡಿಯೇಷನ್ ಇಲ್ವಾ?" ಎಂದು ರೋಗಿಗಳು ಕೇಳಿದರೆ ಇಲ್ಲ ಅಂದುಬಿಡುವುದು ಸುಲಭ. ನಾನು ಹೇಳುವುದು ಹೀಗೆ: ಅಲೆ ಇದೆ, ಆದರೆ ಎಲೆಕ್ಟ್ರಾನ್ ಕೀಳುವಷ್ಟು ಶಕ್ತಿ ಅದಕ್ಕಿಲ್ಲ. (ಸ್ಕ್ಯಾನಿಂಗ್ ಅಂತ ಎಲ್ಲರೂ ಕರೆಯುವ ಅಲ್ಟ್ರಾಸೌಂಡ್ ಮಾತ್ರ ಈ ಗೆರೆಯ ಮೇಲೆ ಎಲ್ಲೂ ಇಲ್ಲ. ಅದು ಶಬ್ದ.)

ಒಂದು ಬೆಳಗ್ಗೆ ಎಲ್ಲ ಚಿತ್ರಗಳಲ್ಲೂ ಅಡ್ಡಡ್ಡ ಚುಕ್ಕಿ ಸಾಲು, ಪ್ಯಾಂಟಿನ ಜಿಪ್ಪಿನ ಹಾಗೆ. ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಬದಲಾಯಿಸಿದೆ, ಮಷೀನ್ ಆಫ್ ಮಾಡಿ ಹಾಕಿದೆ, ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: ಬಾಗಿಲು ಪೂರ್ತಿ ಹಾಕಿದೆಯಾ? ಬಾಗಿಲು ಹಾಕಿತ್ತು. ಆದರೆ ಚೌಕಟ್ಟಿನ ಸುತ್ತ ಇರುವ ಲೋಹದ ಸ್ಪ್ರಿಂಗ್ ಪಟ್ಟಿಯಲ್ಲಿ ಬೆರಳಿನಂಥ ಎರಡು ಎಸಳು ಬಗ್ಗಿಹೋಗಿದ್ದವು. ಆ ರೂಮಿನ ಗೋಡೆಯೊಳಗೆ ಸುತ್ತಲೂ ತಾಮ್ರದ ಹೊದಿಕೆ ಇರುವುದು ಹೊರಗಿನ ರೇಡಿಯೋ ಅಲೆ ಒಳಗೆ ಬರದಿರಲಿ ಅಂತ. ದೇಹದಿಂದ ವಾಪಸ್ ಬರುವ ಸಿಗ್ನಲ್ ಅಷ್ಟು ಕ್ಷೀಣ. ಬಾಗಿಲಿನ ಒಂದು ಸಂದು ಸಾಕು, ಹೊರಗಿನ ಗಲಾಟೆ ನುಗ್ಗುತ್ತದೆ.

ಎರಡನೆಯದು ನನಗೆ ಇವತ್ತಿಗೂ ಕಸಿವಿಸಿ. ಸೊಂಟದ ಸ್ಕ್ಯಾನ್ ಮುಗಿಸಿ ಎದ್ದ ಒಬ್ಬರ ಎರಡೂ ಮೀನಖಂಡದ ಒಳಬದಿಯಲ್ಲಿ ಕೆಂಪು ಗುರುತು, ಒಂದು ಕಡೆ ಸಣ್ಣ ಬೊಬ್ಬೆ. ಮೈಮೇಲೆ ಲೋಹ ಇರಲಿಲ್ಲ. ಕಾಲುಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಅಷ್ಟೇ. ರೇಡಿಯೋ ಅಲೆ ದೇಹದಲ್ಲಿ ಸಣ್ಣ ಕರೆಂಟ್ ಹರಿಸುತ್ತದೆ. ಎರಡು ಕಾಲು ಸೇರಿ ಒಂದು ಸುತ್ತು ಆದಾಗ, ಆ ಕರೆಂಟೆಲ್ಲ ಚರ್ಮ ತಾಗಿದ ಚಿಕ್ಕ ಜಾಗದಲ್ಲಿ ಹಾದು ಬಿಸಿಯಾಗುತ್ತದೆ. ನಾನು ಅವರಲ್ಲಿ ಕ್ಷಮೆ ಕೇಳಿದೆ, ರಿಪೋರ್ಟ್ ಬರೆದೆ. ಅಂದಿನಿಂದ ಕಾಲಿನ ಮಧ್ಯೆ, ತೋಳು ಮತ್ತು ಮೈ ನಡುವೆ ಪ್ಯಾಡ್ ಇಡದೆ ಮಂಚ ಒಳಗೆ ಕಳಿಸುವುದಿಲ್ಲ. ಕೈ ಕಟ್ಟಿಕೊಂಡು ಮಲಗಲು ಬಿಡುವುದಿಲ್ಲ. ವೈರು ಸುರುಳಿ ಸುತ್ತಿಕೊಂಡಿರಲು ಬಿಡುವುದಿಲ್ಲ.

3 ಟೆಸ್ಲಾ ಮಷೀನ್ ಬಂದಾಗ ನಾವೆಲ್ಲ ಚಿತ್ರ ಎರಡು ಪಟ್ಟು ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆವು. ಮಂಡಿ, ತಲೆ ಎಲ್ಲ ಸೊಗಸಾಗಿ ಬಂತು. ಹೊಟ್ಟೆಯಲ್ಲಿ ನೀರು ತುಂಬಿದ್ದ ಒಬ್ಬರನ್ನು ಹಾಕಿದರೆ ನಡುವೆ ದೊಡ್ಡ ಕಪ್ಪು ನೆರಳು. ಕಾಯಿಲ್ ಕೆಟ್ಟಿದೆ ಅಂದೆವು. ಕೆಟ್ಟಿರಲಿಲ್ಲ. 128 ಮೆಗಾಹರ್ಟ್ಸ್ ಅಲೆ ಗಾಳಿಯಲ್ಲಿ ಎರಡೂಕಾಲು ಮೀಟರಿಗಿಂತ ಉದ್ದ, ಆದರೆ ನೀರಿರುವ ದೇಹದೊಳಗೆ ಕುಗ್ಗಿ 25–30 ಸೆಂಟಿಮೀಟರ್ ಆಗುತ್ತದೆ. ಹೆಚ್ಚುಕಡಿಮೆ ಹೊಟ್ಟೆಯ ಅಗಲದಷ್ಟು. ಬೇರೆಬೇರೆ ಕಡೆಯಿಂದ ಬಂದ ಅಲೆಗಳು ಒಳಗೆ ಒಂದನ್ನೊಂದು ಅಲ್ಲಲ್ಲಿ ಹೊಡೆದುಹಾಕುತ್ತವೆ. 1.5 ಟೆಸ್ಲಾದಲ್ಲಿ ಅಲೆ ಇದರ ಎರಡು ಪಟ್ಟು ಉದ್ದ, ಹಾಗಾಗಿ ಈ ಕಾಟ ಕಡಿಮೆ. ಅಂಥವರನ್ನು ನಾನು ಈಗ ಸುಮ್ನೆ ಹಳೆ ಮಷೀನಿಗೇ ಕಳಿಸುತ್ತೇನೆ. ದೊಡ್ಡ ಮಷೀನೇ ಬೇಕು ಎಂದು ಹಟ ಮಾಡುವ ಸಂಬಂಧಿಕರಿಗೆ ಇದನ್ನು ವಿವರಿಸುವುದೇ ಕಷ್ಟದ ಕೆಲಸ.

ಬಲತುದಿಯ ಗಾಮಾ ಕಡೆ ನಾನು ಕೆಲಸ ಮಾಡಿದ್ದು ಆರೇ ತಿಂಗಳು. ಅಲ್ಲಿ ಕಿರಣ ಹೊರಗಿನಿಂದ ಬರುವುದಿಲ್ಲ, ರೋಗಿಯ ಒಳಗಿಂದ ಬರುತ್ತದೆ. ಟೆಕ್ನೀಷಿಯಂ 99ಎಂ ಎಂಬ ವಿಕಿರಣಶೀಲ ವಸ್ತು ಬಳಸುವುದಕ್ಕೆ ಕಾರಣ ಅದರ 140 ಕಿಲೋ ಎಲೆಕ್ಟ್ರಾನ್‌ವೋಲ್ಟ್: ಮೈಯಿಂದ ಹೊರಬರಲು ಸಾಕಷ್ಟು, ಕ್ಯಾಮೆರಾದ ಹರಳಿಗೆ ಸಿಕ್ಕಿಬೀಳಲೂ ಸರಿಯಾದಷ್ಟು. ಆರು ಗಂಟೆಗೆ ಅರ್ಧ ಆಗುತ್ತದೆ, ಅದೂ ಅನುಕೂಲವೇ.

ಇತ್ತೀಚೆಗೆ ಫೋಟಾನ್ ಎಣಿಸುವ ಸಿಟಿ ನೋಡಲು ಎರಡು ದಿನ ಹೋಗಿದ್ದೆ. ಹಳೆ ಡಿಟೆಕ್ಟರ್ ಎಕ್ಸ್‌ರೇಯನ್ನು ಮೊದಲು ಬೆಳಕಾಗಿಸಿ, ಬಂದ ಶಕ್ತಿಯನ್ನೆಲ್ಲ ಒಟ್ಟು ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ. ಇದು ಒಂದೊಂದು ಕಣವನ್ನೂ ಎಣಿಸಿ, ಅದರ ಶಕ್ತಿ ಎಷ್ಟು ಎಂದು ವಿಂಗಡಿಸುತ್ತದೆ. ಹೀಗಾಗಿ ಅಯೋಡಿನ್ ಬೇರೆ, ಕ್ಯಾಲ್ಸಿಯಂ ಬೇರೆ ಮಾಡಿ ತೋರಿಸಬಹುದು. ಮೇಡಂ ಎಳೆದ ಗೆರೆಯನ್ನು ಮಷೀನೇ ಓದುತ್ತಿರುವ ಹಾಗೆ ಅನ್ನಿಸಿತು. ಅಲ್ಲಿದ್ದ ಹುಡುಗಿ ಎಲ್ಲ ವಿವರಿಸಿ, "ಏನಾದ್ರೂ ಡೌಟ್ ಇದ್ರೆ ಕೇಳಿ ಸಾರ್" ಎಂದಳು. ನನ್ನ ಬಾಯಿಂದ ಬಂದ ಮೊದಲ ಮಾತು, "ಎದೆಗೆ ಎಷ್ಟು ಕೆವಿ ಕೊಡ್ತೀರಮ್ಮ?"